ಕಾರಿನ ನಕ್ಷೆಗೆ ಬೀಗ ಬಿದ್ದ ಬಗೆ

ಜಪಾನಿನಲ್ಲಿ ಆರೇಳು ವರ್ಷ ಓಡಿದ ಟೊಯೋಟಾ ಕಾರೊಂದು ಕೆನ್ಯಾದ ಮೊಂಬಾಸಾ ಬಂದರಿನಲ್ಲಿ ಹಡಗಿನಿಂದ ಇಳಿಯುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಒಳಗಿನಿಂದ ಹೆಣ್ಣುದನಿಯೊಂದು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತದೆ. ಟೋಲ್ ರಸ್ತೆಗೆ ಬೇಕಾದ ಇಟಿಸಿ ಕಾರ್ಡ್ ಹಾಕಿಲ್ಲ ಎಂಬ ಎಚ್ಚರಿಕೆ ಅದು. ಡ್ಯಾಶ್‌ಬೋರ್ಡಿನ ನಡುವಿನ ಪರದೆ ಬೆಳಗುತ್ತದೆ. ಅಲ್ಲಿಯೂ ಜಪಾನಿ ಅಕ್ಷರಗಳೇ. ನಕ್ಷೆಯ ಎಸ್‌ಡಿ ಕಾರ್ಡ್ ಹಾಕಿ ಎಂದೋ, ಗುಪ್ತಸಂಖ್ಯೆ ಒತ್ತಿ ಎಂದೋ ಕೇಳುತ್ತದೆ. ಕಾರ್ಡ್ ಜಪಾನಿನಲ್ಲೇ ಎಲ್ಲೋ ಉಳಿದುಹೋಗಿದೆ. ಗುಪ್ತಸಂಖ್ಯೆ ಗೊತ್ತಿದ್ದ ಮೊದಲ ಮಾಲೀಕ ಯಾರು, ಎಲ್ಲಿದ್ದಾನೆ ಎಂಬುದು ಹೊಸ ಮಾಲೀಕನಿಗೆ ತಿಳಿಯುವ ಬಗೆಯಿಲ್ಲ. ಎಂಜಿನ್ ಸರಿಯಿದೆ, ಗೇರು ಸರಿಯಿದೆ, ಬಣ್ಣವೂ ಮಾಸಿಲ್ಲ. ಆದರೂ ಕೆಲವು ಮಾದರಿಗಳಲ್ಲಿ ಆ ಕಾರ್ಡ್ ಇಲ್ಲದಿದ್ದರೆ ರೇಡಿಯೊ ಕೂಡ ಹಾಡುವುದಿಲ್ಲ.

ಕೊಲಂಬೊ, ಕರಾಚಿ, ಆಕ್ಲೆಂಡ್, ದಾರ್ ಎಸ್ ಸಲಾಮ್, ಹೀಗೆ ಜಪಾನಿನ ಹಳೆಯ ಕಾರು ಹೋದಲ್ಲೆಲ್ಲ ಇದೇ ತೊಡಕು. ಅದರ ಬೆನ್ನಿಗೇ ಹೊಸ ಕಸುಬೊಂದು ಬೆಳೆಯಿತು: ಬದಲಿ ಕಾರ್ಡ್ ಮಾಡಿಕೊಡುವವರು, ಗುಪ್ತಸಂಖ್ಯೆ ಬಿಡಿಸಿಕೊಡುವವರು, ಬೋರ್ಡಿನಿಂದ ಚಿಪ್ಪನ್ನೇ ಕಿತ್ತು ಓದುವವರು. ದಾರಿ ತೋರಿಸಲೆಂದು ಹುಟ್ಟಿದ ಉಪಕರಣಕ್ಕೆ ಬೀಗ ಏಕೆ ಬಿತ್ತು ಎಂದು ತಿಳಿಯಬೇಕಾದರೆ, ನಕ್ಷೆ ಕಾರಿನೊಳಗೆ ಬಂದ ಕಥೆಯನ್ನು ಮೊದಲಿನಿಂದ ನೋಡಬೇಕು.

1909ರಲ್ಲಿ ಅಮೆರಿಕದಲ್ಲಿ ಜೋನ್ಸ್ ಲೈವ್‌ಮ್ಯಾಪ್ ಎಂಬ ಸಾಧನ ಮಾರಾಟಕ್ಕೆ ಬಂತು. ಗಾಜಿನ ಮುಚ್ಚಳದ ಹಿತ್ತಾಳೆ ಡಬ್ಬಿಯೊಳಗೆ ಒಂದು ಕಾಗದದ ತಟ್ಟೆ. ಅದರ ಅಂಚಿನ ಸುತ್ತ ಮೈಲಿಗಳ ಗುರುತು, ಎಲ್ಲಿ ಎಡಕ್ಕೆ ಎಲ್ಲಿ ಬಲಕ್ಕೆ ಎಂಬ ಸೂಚನೆ. ಕಾರಿನ ಚಕ್ರದಿಂದ ಒಂದು ಕೇಬಲ್ ಆ ಡಬ್ಬಿಗೆ ಬರುತ್ತಿತ್ತು. ಕಾರು ಮುಂದೆ ಹೋದಂತೆ ತಟ್ಟೆ ತಿರುಗುತ್ತಿತ್ತು. ಒಂದು ಹಾದಿ ಮುಗಿದರೆ ಆ ತಟ್ಟೆ ತೆಗೆದು ಮುಂದಿನ ಹಾದಿಯ ತಟ್ಟೆ ಇಡಬೇಕು. 1930ರ ದಶಕದಲ್ಲಿ ಇಟಲಿಯಲ್ಲಿ ಬಂದ ಇಟೆರ್ ಆಟೊ ಇದೇ ಉಪಾಯವನ್ನು ಕಾಗದದ ಸುರುಳಿಯಲ್ಲಿ ಮಾಡಿತು: ಸ್ಪೀಡೊಮೀಟರಿನ ಕೇಬಲ್ ಸುರುಳಿಯನ್ನು ಬಿಚ್ಚುತ್ತಾ ಹೋಗುತ್ತಿತ್ತು. ಕಾರು ಅಡ್ಡದಾರಿ ಹಿಡಿದರೆ ಎರಡಕ್ಕೂ ದಿಕ್ಕು ತಪ್ಪುತ್ತಿತ್ತು. ಆದರೆ ಹರಿದ ತಟ್ಟೆಯ ಬದಲಿಗೆ ಇನ್ನೊಂದು ತಟ್ಟೆ ಇಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹಾಗೆಂದು ಕಾಗದದ ಕಾಲದಲ್ಲಿ ನಕ್ಷೆಗೆ ಕಾವಲೇ ಇರಲಿಲ್ಲ ಎನ್ನುವಂತಿಲ್ಲ. ನಕ್ಷೆ ಮಾಡುವುದು ದುಬಾರಿ, ನಕಲು ಮಾಡುವುದು ಅಗ್ಗ. ಇದು ಆ ವ್ಯಾಪಾರದ ಹುಟ್ಟುಕಷ್ಟ. ಕಳ್ಳರನ್ನು ಹಿಡಿಯಲು ನಕ್ಷೆಗಾರರು ತಮ್ಮ ನಕ್ಷೆಯಲ್ಲೇ ಚಿಕ್ಕ ಸುಳ್ಳುಗಳನ್ನು ಹೂತಿಡುತ್ತಿದ್ದರು. 1930ರ ದಶಕದಲ್ಲಿ ಜನರಲ್ ಡ್ರಾಫ್ಟಿಂಗ್ ಎಂಬ ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯ ಒಂದು ಮೂಲೆಯಲ್ಲಿ ಆಗ್ಲೋ ಎಂಬ ಊರನ್ನು ಗುರುತು ಮಾಡಿತು. ಅಂಥ ಊರೇ ಇರಲಿಲ್ಲ. ಕಂಪನಿಯ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕಲಸಿ ಮಾಡಿದ ಹೆಸರದು. ಕೆಲವು ವರ್ಷಗಳ ನಂತರ ರ್‍ಯಾಂಡ್ ಮೆಕ್‌ನ್ಯಾಲಿ ಕಂಪನಿಯ ನಕ್ಷೆಯಲ್ಲೂ ಆಗ್ಲೋ ಕಾಣಿಸಿಕೊಂಡಿತು. ಸಿಕ್ಕಿಬಿದ್ದರು ಎನ್ನುವಷ್ಟರಲ್ಲಿ, ಆ ಜಾಗದಲ್ಲಿ ನಿಜವಾಗಿಯೂ ಆಗ್ಲೋ ಜನರಲ್ ಸ್ಟೋರ್ ಎಂಬ ಅಂಗಡಿ ಇದೆ ಎಂಬ ಉತ್ತರ ಬಂತು. ನಕ್ಷೆಯಲ್ಲಿ ಹೆಸರು ನೋಡಿಯೇ ಯಾರೋ ಅಂಗಡಿಗೆ ಆ ಹೆಸರಿಟ್ಟಿದ್ದರು. ಬ್ರಿಟನ್ನಿನಲ್ಲಿ ಈ ಜಗಳ ಇನ್ನೂ ದೊಡ್ಡದಾಯಿತು. ಸರ್ಕಾರಿ ನಕ್ಷಾ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳನ್ನು ನಕಲು ಮಾಡಿದ್ದಕ್ಕೆ ಆಟೊಮೊಬೈಲ್ ಅಸೋಸಿಯೇಷನ್ 2001ರಲ್ಲಿ 2 ಕೋಟಿ ಪೌಂಡ್ ತೆರಬೇಕಾಯಿತು. ನಕ್ಷೆಗಾರರ ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಮುಂದೆ ನಕ್ಷೆ ಕಾರ್ಡಿನೊಳಗೆ ಹೋದಾಗ ಅದೇ ಭಯವೂ ಒಳಗೆ ಹೋಯಿತು.

ಕಾಗದವನ್ನು ಬಿಟ್ಟು ಪರದೆಗೆ ಬಂದ ಮೊದಲಿಗರಲ್ಲಿ ಹೋಂಡಾ ಮುಖ್ಯವಾದುದು. 1981ರಲ್ಲಿ ಅದು ಅಕಾರ್ಡ್ ಕಾರಿಗೆಂದು ಎಲೆಕ್ಟ್ರೊ ಗೈರೊಕೇಟರ್ ಎಂಬ ಸಾಧನವನ್ನು ಪ್ರಕಟಿಸಿತು. ಹೀಲಿಯಂ ಅನಿಲದ ಹರಿವು ಬಳಸಿ ಕಾರಿನ ತಿರುವನ್ನು ಅಳೆಯುವ ಗೈರೊ, ಚಕ್ರದ ಸುತ್ತುಗಳಿಂದ ದೂರ ಅಳೆಯುವ ಸೆನ್ಸರ್, ಇವೆರಡರ ಲೆಕ್ಕ ಹಾಕುವ ಕಂಪ್ಯೂಟರ್. ನಕ್ಷೆ ಮಾತ್ರ ಇನ್ನೂ ಪಾರದರ್ಶಕ ಹಾಳೆಯ ಮೇಲೆ ಅಚ್ಚಾಗಿತ್ತು. ಅದನ್ನು ಪರದೆಯ ಮುಂದೆ ಸಿಕ್ಕಿಸಿದರೆ ಹಿಂದಿನ ಬೆಳಕಿನ ಚುಕ್ಕೆ ಕಾರು ಇರುವ ಜಾಗ ತೋರಿಸುತ್ತಿತ್ತು. ಉಪಗ್ರಹದ ನೆರವೇ ಇಲ್ಲದೆ ಇಷ್ಟು ಮಾಡಿದ್ದು ಸಾಮಾನ್ಯ ಸಂಗತಿಯಲ್ಲ.

ನಕ್ಷೆ ನಿಜವಾಗಿ ದತ್ತಾಂಶವಾಗಿ ಬದಲಾಗಿದ್ದು ಕ್ಯಾಲಿಫೋರ್ನಿಯಾದಲ್ಲಿ. ಸ್ಟಾನ್ ಹನಿ ಎಂಬ ಎಂಜಿನಿಯರ್ ಹಾಯಿದೋಣಿ ಸ್ಪರ್ಧೆಗಳಲ್ಲಿ ದಾರಿ ಲೆಕ್ಕ ಹಾಕುವುದರಲ್ಲಿ ಪಳಗಿದವರು. ಅಟಾರಿ ವಿಡಿಯೊ ಗೇಮ್ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ ಅವರ ಬೆಂಬಲ ಪಡೆದು ಅವರು 1983ರಲ್ಲಿ ಈಟ್ಯಾಕ್ ಕಂಪನಿ ಆರಂಭಿಸಿದರು. ಎರಡು ವರ್ಷಗಳ ನಂತರ, 1985ರಲ್ಲಿ, ಈಟ್ಯಾಕ್ ನ್ಯಾವಿಗೇಟರ್ ಪೇಟೆಗೆ ಬಂತು. ಹಸಿರು ಗೆರೆಗಳ ಪುಟ್ಟ ಪರದೆ, ಗಾಜಿಗೆ ಅಂಟಿಸಿದ ವಿದ್ಯುನ್ಮಾನ ದಿಕ್ಸೂಚಿ, ಚಕ್ರಗಳಿಗೆ ಸೆನ್ಸರ್. ನಕ್ಷೆ ಇದ್ದದ್ದು ಕ್ಯಾಸೆಟ್ಟಿನಲ್ಲಿ.

ಈ ಸಾಧನದ ಜಾಣತನ ಇದ್ದದ್ದು ಒಂದೇ ಲೆಕ್ಕದಲ್ಲಿ. ಚಕ್ರ ಮತ್ತು ದಿಕ್ಸೂಚಿಯ ಅಳತೆಯಲ್ಲಿ ಸ್ವಲ್ಪ ಸ್ವಲ್ಪವೇ ತಪ್ಪು ಸೇರುತ್ತಾ ಹೋಗುತ್ತದೆ; ಹತ್ತು ಕಿಲೋಮೀಟರಿನಲ್ಲಿ ಕಾರು ಯಾರದೋ ಮನೆಯ ಮೇಲೆ ನಿಂತಂತೆ ತೋರಬಹುದು. ಕಾರು ಇರುವುದು ರಸ್ತೆಯ ಮೇಲೇ ಎಂಬ ನಂಬಿಕೆಯನ್ನು ಹನಿ ಲೆಕ್ಕಕ್ಕೆ ಸೇರಿಸಿದರು. ಕಾರು ಬಲಕ್ಕೆ ತಿರುಗಿದೊಡನೆ ಅಲ್ಲಿ ಬಲಕ್ಕೆ ತಿರುಗುವ ಬೀದಿ ಯಾವುದು ಎಂದು ನಕ್ಷೆಯಲ್ಲಿ ಹುಡುಕಿ, ಚುಕ್ಕೆಯನ್ನು ಆ ಬೀದಿಗೆ ತಂದು ಕೂರಿಸುವುದು. ಇಂದಿನ ಫೋನುಗಳೂ ಈ ಉಪಾಯ ಬಿಟ್ಟಿಲ್ಲ.

ಆದರೆ ಕ್ಯಾಸೆಟ್ಟಿನ ಹೊಟ್ಟೆ ಚಿಕ್ಕದು. ಒಂದರಲ್ಲಿ ಹಿಡಿಯುತ್ತಿದ್ದದ್ದು ಮೂರೂವರೆ ಮೆಗಾಬೈಟಿನ ಆಸುಪಾಸು. ಲಾಸ್ ಏಂಜಲೀಸ್‌ನಂಥ ಮಹಾನಗರಕ್ಕೆ ಒಂದು ಕ್ಯಾಸೆಟ್ ಸಾಲುತ್ತಿರಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಚಾಲಕ ಕ್ಯಾಸೆಟ್ ಬದಲಿಸಬೇಕಿತ್ತು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾಮೂಲಿ ಪ್ಲಾಸ್ಟಿಕ್ ಸೊಟ್ಟಗಾಗುವುದರಿಂದ ಕ್ಯಾಸೆಟ್ಟಿನ ಹೊರಕವಚವನ್ನು ಶಾಖ ತಡೆಯುವ ಪಾಲಿಕಾರ್ಬೊನೇಟಿನಲ್ಲಿ ಮಾಡಿಸಿದ್ದರು. ಸಾಧನದ ಬೆಲೆ 1,395 ಡಾಲರಿನಿಂದ ಆರಂಭ. ನಕ್ಷೆಯ ಪ್ರತಿ ಕ್ಯಾಸೆಟ್ಟಿಗೆ 35 ಡಾಲರ್. ನಕ್ಷೆ ಬೇರೆ, ಸಾಧನ ಬೇರೆ, ಎರಡಕ್ಕೂ ಪ್ರತ್ಯೇಕ ದುಡ್ಡು ಎಂಬ ವ್ಯಾಪಾರ ಇಲ್ಲಿಂದ ಗಟ್ಟಿಯಾಯಿತು. ಕಂಪನಿಗೆ ಹೆಚ್ಚು ಬೆಲೆಬಾಳುವ ಆಸ್ತಿ ಎಂದರೆ ಆ ದತ್ತಾಂಶವೇ ಆಗಿತ್ತು. 1989ರಲ್ಲಿ ರೂಪರ್ಟ್ ಮರ್ಡೋಕ್ ಅವರ ನ್ಯೂಸ್ ಕಾರ್ಪೊರೇಷನ್ ಈಟ್ಯಾಕನ್ನು ಕೊಂಡಿತು. ಅದರ ತಂತ್ರವನ್ನು ಪರವಾನಗಿ ಪಡೆದು ಬಳಸಿದ ಜರ್ಮನಿಯ ಬ್ಲಾಪುಂಕ್ಟ್ ಅದೇ ವರ್ಷ ಟ್ರಾವೆಲ್‌ಪೈಲಟ್ ತಂದಿತು. ಅದರಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ಸಿ.ಡಿ. ಬಂದಿತ್ತು.

ಅಷ್ಟರಲ್ಲಿ ಜಪಾನಿನಲ್ಲಿ 1987ರ ಟೊಯೋಟಾ ಕ್ರೌನ್ ಸಿ.ಡಿ.ಯಲ್ಲಿ ನಕ್ಷೆ ತುಂಬಿಕೊಂಡು ರಸ್ತೆಗಿಳಿದಿತ್ತು. 1990ರ ಮಜ್ದಾ ಯೂನೋಸ್ ಕಾಸ್ಮೊ ಉಪಗ್ರಹದ ಜಿಪಿಎಸ್ಸನ್ನೂ ಸೇರಿಸಿಕೊಂಡಿತು. ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲದ, ಮನೆಯ ವಿಳಾಸವನ್ನು ಬ್ಲಾಕ್ ಸಂಖ್ಯೆಯಿಂದ ಹೇಳುವ ದೇಶದಲ್ಲಿ ಇಂಥ ಸಾಧನಕ್ಕೆ ಗಿರಾಕಿ ಬೇಗ ಸಿಕ್ಕಿದ್ದು ಸಹಜ.

ಜಿಪಿಎಸ್ ಅಮೆರಿಕದ ಸೇನೆಯ ಸ್ವತ್ತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯನ್ ಏರ್‌ಲೈನ್ಸಿನ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತ ಮೇಲೆ, ಅಧ್ಯಕ್ಷ ರೇಗನ್ ಅದನ್ನು ನಾಗರಿಕರಿಗೂ ಕೊಡುವುದಾಗಿ ಘೋಷಿಸಿದರು. ಆದರೂ ಬೇಕೆಂದೇ ಸಂಕೇತವನ್ನು ಕೆಡಿಸಿ, ಸುಮಾರು 100 ಮೀಟರಿನಷ್ಟು ತಪ್ಪು ಬರುವಂತೆ ಇಟ್ಟಿದ್ದರು. 2000ದ ಮೇ ತಿಂಗಳ ಆರಂಭದಲ್ಲಿ ಕ್ಲಿಂಟನ್ ಸರ್ಕಾರ ಅದನ್ನು ನಿಲ್ಲಿಸಿತು. ಒಂದೇ ರಾತ್ರಿಯಲ್ಲಿ ಜಗತ್ತಿನ ಎಲ್ಲ ಸಾಧನಗಳ ಲೆಕ್ಕ ಹಲವು ಪಟ್ಟು ನಿಖರವಾಯಿತು. ಇದರ ನಂತರವೇ ಕಾರಿನ ನ್ಯಾವಿಗೇಶನ್ ಮನೆಮಾತಾದದ್ದು.

ಇಲ್ಲಿ ಬಹಳ ಜನ ಮರೆಯುವ ಒಂದು ಮಾತಿದೆ. ಉಪಗ್ರಹ ಯಾರಿಗೂ ದಾರಿ ಹೇಳುವುದಿಲ್ಲ. ನಮ್ಮ ನಾವಿಕ್ ವ್ಯವಸ್ಥೆಯೂ ಅಷ್ಟೇ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಸಂಚಾಲನ ಕೇಂದ್ರ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿದೆ. ಉಪಗ್ರಹದಿಂದ ಬರುವ ಸಂಕೇತದಲ್ಲಿ ಇರುವುದು ಸಮಯ ಮತ್ತು ಉಪಗ್ರಹದ ನೆಲೆಯ ವಿವರ. ಅದರಿಂದ ಕಾರಿಗೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತಾಗುತ್ತದೆ, ಅಷ್ಟೇ. ಮುಂದಿನ ತಿರುವು ಎಲ್ಲಿ, ಯಾವುದು ಒನ್‌ವೇ ಎಂಬುದು ನಕ್ಷೆಯ ಕೆಲಸ. ಆ ನಕ್ಷೆ ಇರುವ ಕಾರ್ಡ್ ಇಲ್ಲವಾದರೆ ಆಕಾಶದಲ್ಲಿ ಎಷ್ಟು ಉಪಗ್ರಹವಿದ್ದರೂ ಪರದೆ ಖಾಲಿ.

ಬೀಗದ ಇನ್ನೊಂದು ಬೇರು ಕಾರ್ ಸ್ಟೀರಿಯೊ ಕಳ್ಳತನದಲ್ಲಿದೆ. 1980ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಕಿಟಕಿ ಒಡೆದು ಸ್ಟೀರಿಯೊ ಕಿತ್ತೊಯ್ಯುವುದು ದಿನನಿತ್ಯದ ಕಾಟವಾಗಿತ್ತು. ಇಡೀ ಸೆಟ್ಟನ್ನು ಕೈಯಲ್ಲಿ ಹಿಡಿದು ಹೋಟೆಲಿಗೆ ಹೋಗುವವರೂ ಇದ್ದರು. ಮುಖಫಲಕವನ್ನು ಮಾತ್ರ ಕಳಚಿ ಜೇಬಿಗೆ ಹಾಕಿಕೊಳ್ಳುವ ವ್ಯವಸ್ಥೆ ಆಮೇಲೆ ಬಂತು. ತಯಾರಕರು ಹೂಡಿದ ದೊಡ್ಡ ಉಪಾಯ ಗುಪ್ತಸಂಖ್ಯೆ. ಬ್ಯಾಟರಿಯ ತಂತಿ ಬಿಟ್ಟುಹೋದರೆ ಸೆಟ್ಟು ತನ್ನನ್ನು ಯಾರೋ ಕಿತ್ತಿದ್ದಾರೆ ಎಂದೇ ತಿಳಿಯುತ್ತದೆ. ಮತ್ತೆ ವಿದ್ಯುತ್ ಬಂದಾಗ ನಾಲ್ಕಂಕಿಯ ಸಂಖ್ಯೆ ಕೇಳುತ್ತದೆ. ಫೋಕ್ಸ್‌ವ್ಯಾಗನ್ ಕಾರುಗಳ ಸೆಟ್ಟಿನಲ್ಲಿ ಸೇಫ್ ಎಂಬ ಪದ ಮೂಡುತ್ತಿತ್ತು. ಎರಡು ಸಲ ತಪ್ಪು ಒತ್ತಿದರೆ ಒಂದು ಗಂಟೆ ಕಾಯಬೇಕು.

ಕಳ್ಳನಿಗೆ ಇದು ನಿಜಕ್ಕೂ ಅಡ್ಡಿಯಾಯಿತು. ಆದರೆ ಮನೆಯ ಮುಂದೆ ಬ್ಯಾಟರಿ ಬದಲಿಸಿದ ಮಾಲೀಕನಿಗೂ ಅದೇ ಶಿಕ್ಷೆ. ಸಂಖ್ಯೆ ಬರೆದ ಪುಟ್ಟ ಕಾರ್ಡ್ ಕಾರಿನ ಕಾಗದಪತ್ರಗಳ ಜೊತೆ ಬರುತ್ತಿತ್ತು, ಎರಡನೆಯ ಮಾಲೀಕನ ಕೈಗೆ ಬರುವಷ್ಟರಲ್ಲಿ ಕಳೆದುಹೋಗುತ್ತಿತ್ತು. ಆಗ ರೇಡಿಯೊ ರಿಪೇರಿಯವರ ಬಳಿ ಹೋಗಬೇಕು. ಅವರು ಸೆಟ್ಟು ಬಿಚ್ಚಿ, ಬೋರ್ಡಿನ ಮೇಲಿನ ಎಂಟು ಕಾಲಿನ ಚಿಪ್ಪೊಂದನ್ನು ಹುಡುಕುತ್ತಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಚಿಪ್ಪು ಕರೆಂಟು ಹೋದರೂ ನೆನಪು ಉಳಿಸಿಕೊಳ್ಳುವ ಜಾತಿಯದು. ಬೆಸುಗೆ ಬಿಡಿಸಿ, ಅದನ್ನು ಓದುವ ಯಂತ್ರಕ್ಕೆ ಕೂರಿಸಿದರೆ ಪರದೆಯ ಮೇಲೆ ಸಾಲು ಸಾಲು ಸಂಖ್ಯೆಗಳು ಬರುತ್ತವೆ. ಅವುಗಳ ನಡುವೆ ಗುಪ್ತಸಂಖ್ಯೆಯ ನಾಲ್ಕು ಅಂಕಿಗಳು ಎಲ್ಲಿ ಕೂತಿವೆ ಎಂಬುದು ಅನುಭವಸ್ಥನಿಗೆ ಗೊತ್ತು. ಇಂದಿನ ನ್ಯಾವಿಗೇಶನ್ ಬೀಗ ಬಿಡಿಸುವವರ ಕಸುಬು ಕಲಿತದ್ದು ಈ ಮೇಜಿನ ಮೇಲೆಯೇ.

ಈ ಎರಡು ಭಯಗಳು, ನಕ್ಷೆ ಕದಿಯುವವರ ಭಯ ಮತ್ತು ಸೆಟ್ಟು ಕದಿಯುವವರ ಭಯ, ಬಂದು ಸೇರಿದ್ದು ಅಂಚೆ ಚೀಟಿಯಷ್ಟೇ ಗಾತ್ರದ ಎಸ್‌ಡಿ ಕಾರ್ಡಿನಲ್ಲಿ.

ಆ ಕಾರ್ಡಿನೊಳಗಿರುವ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ತೊಶಿಬಾದ ಫುಜಿಯೊ ಮಸುವೊಕ ರೂಪಿಸಿದ್ದರು. 1999ರಲ್ಲಿ ತೊಶಿಬಾ, ಪ್ಯಾನಸಾನಿಕ್ ಹೆಸರಿನಲ್ಲಿ ಸರಕು ಮಾರುತ್ತಿದ್ದ ಮತ್ಸುಶಿತಾ, ಮತ್ತು ಸ್ಯಾನ್‌ಡಿಸ್ಕ್ ಸೇರಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದವು. ಉದ್ದ 32 ಮಿಲಿಮೀಟರ್, ಅಗಲ 24, ದಪ್ಪ 2.1. ಹಾಡುಗಳ ನಕಲು ತಡೆಯಬೇಕೆಂಬ ಸಂಗೀತ ಕಂಪನಿಗಳ ಒತ್ತಾಯವಿದ್ದ ಕಾಲವದು. ಹಾಗಾಗಿ ಕಾರ್ಡಿನ ವಿನ್ಯಾಸದಲ್ಲೇ ರಕ್ಷಣೆಯ ಏರ್ಪಾಡು ಸೇರಿತು. ಕಾರಿನವರಿಗೆ ಇದು ಎಲ್ಲ ರೀತಿಯಲ್ಲೂ ಒಗ್ಗಿತು. ಸಿ.ಡಿ., ಡಿವಿಡಿಗಳಂತೆ ತಿರುಗುವ ಭಾಗವಿಲ್ಲ, ಹಾರ್ಡ್ ಡಿಸ್ಕಿನಂತೆ ಹಳ್ಳಕ್ಕೆ ಬಿದ್ದರೆ ಹೆದರಬೇಕಿಲ್ಲ. ಹೊಸ ನಕ್ಷೆ ಬೇಕೆಂದರೆ ಕಾರ್ಡ್ ತೆಗೆದು ಅಂಗಡಿಗೆ ಒಯ್ದರಾಯಿತು.

ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ ಎಡ ಅಂಚಿನಲ್ಲಿ ಲಾಕ್ ಎಂದು ಬರೆದ ಒಂದು ಪುಟ್ಟ ಗುಂಡಿ ಕಾಣುತ್ತದೆ. ಬೀಗ ಎಂದರೆ ಇದೇ ಎಂದು ಬಹಳ ಜನ ಅದನ್ನು ಮೇಲೆ ಕೆಳಗೆ ಸರಿಸುತ್ತಾರೆ. ಆ ಗುಂಡಿಗೂ ಕಾರ್ಡಿನ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ. ಗುಂಡಿ ಎಲ್ಲಿದೆ ಎಂದು ನೋಡಿ ಬರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಾರ್ಡ್ ಹಾಕಿಸಿಕೊಂಡ ಯಂತ್ರ. ನಿಜವಾದ ಬೀಗ ಕಣ್ಣಿಗೆ ಕಾಣದು. ಪ್ರತಿಯೊಂದು ಕಾರ್ಡಿನೊಳಗೂ ಸಿಐಡಿ ಎಂಬ 16 ಬೈಟುಗಳ ಒಂದು ಗುರುತು ಇದೆ. ತಯಾರಕನ ಸಂಕೇತ, ಕಾರ್ಡಿನ ಹೆಸರು, ಕ್ರಮಸಂಖ್ಯೆ, ತಯಾರಾದ ವರ್ಷ ಮತ್ತು ತಿಂಗಳು ಅದರಲ್ಲಿರುತ್ತವೆ. ಕಾರ್ಖಾನೆಯಲ್ಲಿ ಒಮ್ಮೆ ಬರೆದರೆ ಮುಗಿಯಿತು. ಅದು ಕಾರ್ಡಿನ ಹುಟ್ಟುಮಚ್ಚೆ. ಫಾರ್ಮ್ಯಾಟ್ ಮಾಡಿದರೂ ಹೋಗದು, ಎಲ್ಲ ಕಡತಗಳನ್ನು ಇನ್ನೊಂದು ಕಾರ್ಡಿಗೆ ನಕಲು ಮಾಡಿದರೂ ಜೊತೆಗೆ ಹೋಗದು.

ಬದಲಿ ಕಾರ್ಡ್ ಮಾಡಹೊರಟವನು ಎಡವುವುದು ಇಲ್ಲೇ. ಸ್ನೇಹಿತನ ಕಾರಿನ ಕಾರ್ಡ್ ತಂದು, ಕಂಪ್ಯೂಟರಿನಲ್ಲಿ ಒಂದಕ್ಷರವೂ ಬಿಡದಂತೆ ನಕಲು ಮಾಡಿ ಹಾಕುತ್ತಾನೆ. ಯಂತ್ರ ಮೊದಲು ಸಿಐಡಿ ಓದುತ್ತದೆ, ನಕ್ಷೆಯ ಜೊತೆ ಇರುವ ಪರವಾನಗಿ ಕಡತದಲ್ಲಿ ಬರೆದ ಗುರುತಿನೊಂದಿಗೆ ಹೋಲಿಸುತ್ತದೆ, ತಾಳೆಯಾಗದಿದ್ದರೆ ಕಾರ್ಡನ್ನು ತಿರಸ್ಕರಿಸುತ್ತದೆ. ಕೆಲವು ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಡನ್ನೂ ಕಾರನ್ನೂ ಜೋಡಿ ಮಾಡಿದವು. ಮಜ್ದಾದ ನ್ಯಾವಿಗೇಶನ್ ಕಾರ್ಡ್ ಒಂದು ಕಾರಿನಲ್ಲಿ ಒಂದಷ್ಟು ದೂರ ಓಡಿದ ಮೇಲೆ ಆ ಕಾರಿಗೇ ಅಂಟಿಕೊಳ್ಳುತ್ತದೆ. ಮತ್ತೊಂದು ಕಾರಿನಲ್ಲಿ ನಡೆಯದು. ಕಾರ್ಡಿಗೇ 16 ಬೈಟುಗಳವರೆಗಿನ ಪಾಸ್‌ವರ್ಡ್ ಹಾಕುವ ಸೌಲಭ್ಯವೂ ಎಸ್‌ಡಿ ನಿಯಮಾವಳಿಯಲ್ಲಿದೆ. ಇನ್ನು ಕೆಲವು ಜಪಾನಿ ಮಾದರಿಗಳಲ್ಲಿ ನಕ್ಷೆಯಷ್ಟೇ ಅಲ್ಲದೆ, ಯಂತ್ರ ಎದ್ದು ನಿಲ್ಲಲು ಬೇಕಾದ ತಂತ್ರಾಂಶದ ಭಾಗವೂ ಕಾರ್ಡಿನಲ್ಲೇ ಇರುತ್ತದೆ. ಮೊಂಬಾಸಾದಲ್ಲಿ ರೇಡಿಯೊ ಕೂಡ ಮೌನವಾಗುವುದು ಈ ಕಾರಣಕ್ಕೆ.

ಬೀಗ ಹಾಕಿದವರು ತಮ್ಮ ದೇಶದ ಮೊದಲ ಮಾಲೀಕನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಜಪಾನಿನ ಕಾರು ಮೊದಲ ಮಾಲೀಕನ ಬಳಿ ಮುದಿಯಾಗುವುದು ಕಡಿಮೆ. ಅಲ್ಲಿ ಹೊಸ ಕಾರಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ಕಡ್ಡಾಯ ತಪಾಸಣೆ. ಅದರ ಖರ್ಚು ಭಾರಿ. ಹಾಗಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಕಾರುಗಳೇ ಹರಾಜಿಗೆ ಬಂದು, ಅಲ್ಲಿಂದ ಹಡಗು ಹತ್ತುತ್ತವೆ. ಎಡಬದಿಯಲ್ಲಿ ಓಡಿಸುವ ದೇಶಗಳಾದ ನ್ಯೂಜಿಲೆಂಡ್, ಶ್ರೀಲಂಕಾ, ಪಾಕಿಸ್ತಾನ, ಕೆನ್ಯಾ, ತಾಂಜಾನಿಯಾಗಳಿಗೆ ಅವು ಹೇಳಿ ಮಾಡಿಸಿದಂತಿವೆ. ಕೆನ್ಯಾದಲ್ಲಿ ಎಂಟು ವರ್ಷ ಮೀರಿದ ಕಾರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಬರುವ ಕಾರುಗಳೆಲ್ಲ ಎಲೆಕ್ಟ್ರಾನಿಕ್ ಪರದೆಯ ಕಾಲದವೇ. ಸಮುದ್ರಯಾನದಲ್ಲಿ ಬ್ಯಾಟರಿ ಇಳಿದುಹೋಗುತ್ತದೆ ಅಥವಾ ಬಂದರಿನಲ್ಲಿ ತಂತಿ ಬಿಚ್ಚುತ್ತಾರೆ. ಯಂತ್ರಕ್ಕೆ ಕಳ್ಳತನವಾದಂತೆ ತೋರುತ್ತದೆ.

ಹೊಸ ಮಾಲೀಕನಿಗೆ ಜಪಾನಿನ ನಕ್ಷೆ ಬೇಕಾಗಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನೈರೋಬಿಯಲ್ಲಿ ಓಸಾಕಾದ ಬೀದಿಗಳಿಂದ ಏನುಪಯೋಗ? ಅವನಿಗೆ ಬೇಕಾದದ್ದು ಪರದೆಗೆ ಜೀವ, ಹಿಂದೆ ನೋಡುವ ಕ್ಯಾಮೆರಾ, ಹಾಡು. ರೇಡಿಯೊ ಎದ್ದರೂ ಕಷ್ಟ ಮುಗಿಯುವುದಿಲ್ಲ: ಜಪಾನಿನ ಎಫ್‌ಎಂ ಹಿಂದಿನಿಂದ ಬಂದ ಹಂಚಿಕೆಯಲ್ಲಿ 76ರಿಂದ 90 ಮೆಗಾಹರ್ಟ್ಸ್‌ನಲ್ಲಿದೆ, ಉಳಿದ ಬಹುಪಾಲು ಜಗತ್ತಿನದು 88ರಿಂದ 108. ನ್ಯೂಜಿಲೆಂಡಿನಲ್ಲಿ ಇದಕ್ಕೆಂದೇ ಬ್ಯಾಂಡ್ ಎಕ್ಸ್‌ಪ್ಯಾಂಡರ್ ಎಂಬ ಪುಟ್ಟ ಡಬ್ಬಿಯನ್ನು ಆಂಟೆನಾ ತಂತಿಗೆ ಜೋಡಿಸುವುದು ರೂಢಿ. ಕಾರ್ಡ್, ಗುಪ್ತಸಂಖ್ಯೆ, ಬ್ಯಾಂಡ್, ಭಾಷೆ, ಈ ನಾಲ್ಕನ್ನೂ ದಾಟಿದ ಮೇಲೆಯೇ ಆ ಪರದೆ ಹೊಸ ಊರಿನದಾಗುವುದು.

ಪರದೆ ಬದುಕಿಸುವವರ ಕೆಲಸ ಎರಡು ದಾರಿಗಳಲ್ಲಿ ಸಾಗಿತು. ಗುಪ್ತಸಂಖ್ಯೆ ಕೇಳುವ ಯಂತ್ರಗಳು ತಮ್ಮದೇ ಒಂದು ಕ್ರಮಸಂಖ್ಯೆಯನ್ನು ಪರದೆಯ ಮೇಲೆ ತೋರಿಸುತ್ತವೆ. ಅದರಿಂದ ಬಿಡಿಸುವ ಸಂಖ್ಯೆಯನ್ನು ಲೆಕ್ಕ ಹಾಕುವ ಸೂತ್ರ ಕೆಲವರ ಕೈ ಸೇರಿತು. ಕಾರ್ಡ್ ಕೇಳುವ ಯಂತ್ರಗಳಿಗೆ ಅದೇ ಮಾದರಿಯ, ಅದೇ ಆವೃತ್ತಿಯ ಕಾರ್ಡಿನ ಪೂರ್ತಿ ಪ್ರತಿಬಿಂಬ ಬೇಕು. ಸಿಐಡಿ ಪರೀಕ್ಷಿಸದ ಯಂತ್ರವಾದರೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಪರೀಕ್ಷಿಸುವ ಯಂತ್ರವಾದರೆ, ಗುರುತನ್ನು ಮತ್ತೆ ಬರೆಯಲು ಬಿಡುವ ಅಪರೂಪದ ಕೆಲವು ತಯಾರಿಕೆಯ ಕಾರ್ಡುಗಳನ್ನು ಹುಡುಕಬೇಕು. ಮಾದರಿ ಸಂಖ್ಯೆಯ ಕೊನೆಯ ಒಂದಕ್ಷರ ಬೇರೆಯಾದರೂ ಯಂತ್ರ ಏಳದು. ತಾವೇ ಕೊಂಡ ಕಾರಿನ ಪರದೆಗಾಗಿ ಜನ ಇಷ್ಟೆಲ್ಲ ಪಾಡು ಪಡಬೇಕಾಗಿರುವುದು ಅನ್ಯಾಯ. ಕಳ್ಳನನ್ನು ತಡೆಯುವ ಬೀಗ ತಪ್ಪಲ್ಲ. ಕಾರು ಮಾರಾಟವಾದಾಗ ಆ ಬೀಗದ ಕೀಲಿಯನ್ನೂ ಕಾರಿನ ಜೊತೆ ಕೊಡುವ ಏರ್ಪಾಡನ್ನು ಯಾರೂ ಮಾಡಲಿಲ್ಲ, ತಪ್ಪಿರುವುದು ಅಲ್ಲಿ.

ಕಾರ್ಡ್ ಕಳೆಯದಿದ್ದರೂ ಸಾಯುತ್ತದೆ ಎಂಬುದು ಇನ್ನೊಂದು ಕಥೆ. ಫ್ಲ್ಯಾಶ್ ಮೆಮೊರಿಯಲ್ಲಿ ನೆನಪು ಎಂದರೆ ಸೂಕ್ಷ್ಮ ಕೋಶಗಳಲ್ಲಿ ಸಿಕ್ಕಿಹಾಕಿಸಿದ ವಿದ್ಯುದಾವೇಶ. ಬರೆದು ಅಳಿಸಿದ ಪ್ರತಿ ಸಲವೂ ಕೋಶದ ಗೋಡೆ ಸವೆಯುತ್ತದೆ, ಶಾಖ ಹೆಚ್ಚಿದಂತೆ ಆವೇಶ ಬೇಗ ಸೋರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿಗಿಂತ ಕೆಟ್ಟ ಜಾಗ ಅದಕ್ಕೆ ಸಿಗದು. ಇದರ ದೊಡ್ಡ ಉದಾಹರಣೆ ಟೆಸ್ಲಾ. 2018ರ ಆರಂಭದವರೆಗಿನ ಅದರ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ಪರದೆಯ ಹಿಂದೆ 8 ಜಿಬಿಯ ಫ್ಲ್ಯಾಶ್ ಚಿಪ್ಪಿತ್ತು. ಸುಮಾರು 3,000 ಸಲ ಬರೆದು ಅಳಿಸುವಷ್ಟು ಅದರ ತಾಳಿಕೆ. ಕಾರು ತನ್ನ ದಿನಚರಿಯನ್ನು ಎಡೆಬಿಡದೆ ಅದರಲ್ಲಿ ಬರೆಯುತ್ತಿದ್ದುದರಿಂದ ಐದಾರು ವರ್ಷಕ್ಕೆ ಚಿಪ್ಪು ಸವೆದು, ಪರದೆ ಕಪ್ಪಾಗಿ, ಹಿಂದಿನ ಕ್ಯಾಮೆರಾ ಮತ್ತು ಗಾಜಿನ ಮಂಜು ಬಿಡಿಸುವ ನಿಯಂತ್ರಣ ಕೈಕೊಡುತ್ತಿದ್ದವು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಒತ್ತಾಯಿಸಿದ ಮೇಲೆ 2021ರ ಫೆಬ್ರವರಿಯಲ್ಲಿ ಸುಮಾರು 1,35,000 ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಂಡಿತು. ಅದಕ್ಕೂ ಮೊದಲೇ ಹೊರಗಿನ ರಿಪೇರಿಯವರು ಸಾಯುತ್ತಿದ್ದ ಚಿಪ್ಪಿನಿಂದ ದತ್ತಾಂಶ ಹಿಂಡಿ ತೆಗೆದು, ದೊಡ್ಡ ಚಿಪ್ಪಿಗೆ ತುಂಬಿ, ಮತ್ತೆ ಬೆಸೆಯುತ್ತಿದ್ದರು. ಹಳೆಯ ರೇಡಿಯೊ ಮೇಜಿನ ವಿದ್ಯೆ ಇಲ್ಲಿಯೂ ಕೈಹಿಡಿಯಿತು.

ಕಾನೂನು ನಿಧಾನವಾಗಿ ಬಂತು. ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ತನ್ನದೇ ಯಂತ್ರದ ಡಿಜಿಟಲ್ ಬೀಗ ಮುರಿಯುವುದೂ ಅಪರಾಧವಾಗಬಹುದಿತ್ತು. 2015ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕಾರು ಮತ್ತು ಟ್ರ್ಯಾಕ್ಟರ್ ರಿಪೇರಿಗೆ ವಿನಾಯಿತಿ ಕೊಟ್ಟಿತು, ಆದರೆ ಮನರಂಜನಾ ಪರದೆಗಳನ್ನು ಹೊರಗಿಟ್ಟಿತು. ಮಾಲೀಕನೇ ಸ್ವತಃ ಕೆಲಸ ಮಾಡಬೇಕೆಂಬ ಷರತ್ತೂ ಇತ್ತು. 2018ರಲ್ಲಿ ಆ ಎರಡೂ ಕಟ್ಟುಗಳು ಸಡಿಲವಾದವು. ಮಸಾಚುಸೆಟ್ಸ್ ರಾಜ್ಯ 2012ರಲ್ಲೇ ಕಾರು ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂಬ ಕಾನೂನು ತಂದಿತ್ತು.

ಅಷ್ಟು ಹೊತ್ತಿಗೆ ನಕ್ಷೆಯ ಪೇಟೆಯೇ ಬದಲಾಗಿತ್ತು. 2008ರಲ್ಲಿ ನೋಕಿಯಾ 8.1 ಶತಕೋಟಿ ಡಾಲರ್ ಕೊಟ್ಟು ನಾವ್‌ಟೆಕ್ ನಕ್ಷಾ ಕಂಪನಿಯನ್ನು ಕೊಂಡಿತ್ತು. ಮರುವರ್ಷದ ಅಕ್ಟೋಬರಿನಲ್ಲಿ ಗೂಗಲ್ ಫೋನಿನಲ್ಲೇ ಪುಕ್ಕಟೆಯಾಗಿ ತಿರುವು ತಿರುವಿನ ದಾರಿ ಹೇಳತೊಡಗಿತು. ಆ ದಿನ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಶೇರುಗಳು ಕುಸಿದವು. ನೋಕಿಯಾದ ನಕ್ಷಾ ವಿಭಾಗವನ್ನು 2015ರಲ್ಲಿ ಆಡಿ, ಬಿಎಂಡಬ್ಲ್ಯು, ಡೈಮ್ಲರ್ ಸೇರಿ ಕೊಂಡದ್ದು 2.8 ಶತಕೋಟಿ ಯೂರೊಗೆ, ಅಂದರೆ ಮೊದಲಿನ ಅರ್ಧಕ್ಕಿಂತ ಕಡಿಮೆಗೆ. ಕಾರ್ಡಿನೊಳಗಿನ ನಕ್ಷೆ ಇಂದು ಕದಿಯಲು ಯೋಗ್ಯವೇ ಅಲ್ಲದಷ್ಟು ಹಳೆಯದಾಗಿದೆ. ಅದನ್ನು ಕಾಯುವ ಬೀಗ ಮಾತ್ರ ಹಾಗೆಯೇ ಇದೆ.

ಭಾರತಕ್ಕೆ ಹಳೆಯ ಜಪಾನಿ ಕಾರುಗಳ ಪ್ರವಾಹ ಬರುವುದಿಲ್ಲ, ಆಮದಿನ ನಿಯಮಗಳು ಬಿಗಿಯಾಗಿವೆ. ಆದರೆ ಇಲ್ಲಿಯ ಕಾರುಗಳಿಗೂ ಕಾರ್ಡಿನ ಕಾಲ ಬಂದುಹೋಗಿದೆ. ಮಾರುತಿ ಸಿಯಾಜ್‌ನಂಥ ಕಾರುಗಳ ಸ್ಮಾರ್ಟ್‌ಪ್ಲೇ ಪರದೆಗೆ ನಕ್ಷೆ ಎಸ್‌ಡಿ ಕಾರ್ಡಿನಲ್ಲೇ ಬರುತ್ತಿತ್ತು. ಆ ಕಾರುಗಳು ಈಗ ಎರಡನೆಯ, ಮೂರನೆಯ ಕೈಗೆ ಹೋಗುತ್ತಿವೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದು ಕೃಷಿ ಯಂತ್ರ, ಫೋನು, ಗೃಹೋಪಕರಣಗಳ ಜೊತೆ ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಪರದೆಯ ಗುಪ್ತಸಂಖ್ಯೆ ಮತ್ತು ಬದಲಿ ಕಾರ್ಡ್ ಪಡೆಯುವ ದಾರಿಯನ್ನು ಪ್ರತಿ ಕಾರು ಕಂಪನಿಯೂ ಅಲ್ಲಿ ತಿಳಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಹಳೆಯ ಕಾರು ಕೊಳ್ಳುವವರು ದುಡ್ಡು ಕೊಡುವ ಮೊದಲೇ ಆರ್‌ಸಿ, ವಿಮೆ, ಎರಡನೆಯ ಕೀಲಿಯ ಜೊತೆ ನಕ್ಷೆಯ ಕಾರ್ಡ್ ಮತ್ತು ಸ್ಟೀರಿಯೊದ ಕೋಡನ್ನೂ ಕೇಳಿ ತೆಗೆದುಕೊಳ್ಳಿ. ಮಾರುವವರು ಅವನ್ನು ಕೇಳದಿದ್ದರೂ ಕೊಡಿ.